ನರ್ಸಿಂಗ್ ಸೀಟು ಹಿಡಿಯುವ ಮುನ್ನ: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ

ಪಿಯುಸಿ ಫಲಿತಾಂಶ ಬಂದ ವಾರ ಗಂಗಾವತಿ, ಸಿಂಧನೂರು, ಬಳ್ಳಾರಿಯ ಬಸ್ ನಿಲ್ದಾಣದ ಕಂಬಗಳಿಗೆಲ್ಲ ನರ್ಸಿಂಗ್ ಪೋಸ್ಟರ್ ಅಂಟಿರುತ್ತವೆ. ‘ನೂರಕ್ಕೆ ನೂರು ಉದ್ಯೋಗ’, ‘ಹಾಸ್ಟೆಲ್ ಉಚಿತ’, ‘ವಿದೇಶದಲ್ಲಿ ಕೆಲಸ’. ಫೋನ್ ಹಚ್ಚುವ ಅಪ್ಪ-ಅಮ್ಮ ಮೊದಲು ಕೇಳುವುದು ಫೀಸು. ಫೀಸು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ‘ನಿಮ್ಮ ಆಸ್ಪತ್ರೆ ಯಾವುದು, ಅಲ್ಲಿ ಎಷ್ಟು ರೋಗಿಗಳಿದ್ದಾರೆ?’

ಈ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಹಿನ್ನೆಲೆಯಿದೆ. ಆ ಚರಿತ್ರೆ ಸ್ವಲ್ಪ ಗೊತ್ತಿದ್ದರೆ ಯಾವ ಕೋರ್ಸು ಯಾಕಿದೆ, ಯಾವ ಕಾಗದ ಯಾರು ಕೊಡಬೇಕು, ಎಲ್ಲಿ ಮೋಸವಾಗುತ್ತದೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳುತ್ತೇವೆ.

ಕಟ್ಟಡ ಬಿಡಿ, ಆಸ್ಪತ್ರೆ ನೋಡಿ

1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದರು. 15 ವಿದ್ಯಾರ್ಥಿನಿಯರು, ಒಂದು ವರ್ಷದ ತರಬೇತಿ. ಅಲ್ಲಿ ಎರಡು ಸಂಗತಿ ಹೊಸವು. ಶಾಲೆ ಆಸ್ಪತ್ರೆಯೊಳಗೇ ಇತ್ತು, ಆದರೆ ಅದರ ದುಡ್ಡು ಆಸ್ಪತ್ರೆಯದಲ್ಲ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಜನ ಕೂಡಿಸಿಕೊಟ್ಟ ನಿಧಿಯಿಂದ ಶಾಲೆ ನಡೆಯುತ್ತಿತ್ತು. ಆಸ್ಪತ್ರೆಯೇ ಖರ್ಚು ನೋಡಿಕೊಂಡರೆ ಅದು ವಿದ್ಯಾರ್ಥಿಗಳನ್ನು ಕೂಲಿಗೆ ಹಚ್ಚುತ್ತದೆ, ಕಲಿಕೆ ಹಿಂದೆ ಬೀಳುತ್ತದೆ ಎಂಬುದು ಇದರ ಹಿಂದಿನ ಲೆಕ್ಕ.

ನಮ್ಮಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಭಾರತದ ಶಾಲೆಗಳು ‘ಆಸ್ಪತ್ರೆಯೊಳಗೆ’ ಎಂಬ ಮೊದಲ ಪಾಠವನ್ನು ಹಿಡಿದವು, ‘ದುಡ್ಡು ಬೇರೆ’ ಎಂಬ ಎರಡನೆಯದನ್ನು ಬಹುಮಟ್ಟಿಗೆ ಬಿಟ್ಟವು. ವಿದ್ಯಾರ್ಥಿನಿಗೆ ಊಟ, ವಸತಿ, ಸಣ್ಣ ಸ್ಟೈಪೆಂಡ್. ಬದಲಿಗೆ ವಾರ್ಡಿನ ಕೆಲಸ. ಇವತ್ತಿಗೂ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯನ್ನು ಎರಡನೇ ವರ್ಷದ ಹುಡುಗಿಯರೇ ಎಳೆಯುತ್ತಾರೆ. ಸ್ಟೈಪೆಂಡ್ ಮಾತ್ರ ಹೋಗಿ, ಅದರ ಜಾಗಕ್ಕೆ ಫೀಸು ಬಂದಿದೆ!

ಆದ್ದರಿಂದ ಸೀಟು ಹಿಡಿಯುವ ಮುನ್ನ ಹೀಗೆ ಮಾಡಿ. ವಾರದ ನಡುವಿನ ಒಂದು ದಿನ, ಬೆಳಿಗ್ಗೆ 10ರಿಂದ 11ರ ನಡುವೆ, ಕಾಲೇಜಿನವರಿಗೆ ಹೇಳದೆ ಅವರ ಪೇರೆಂಟ್ ಆಸ್ಪತ್ರೆಗೆ, ಅಂದರೆ ಕಾಲೇಜಿನ ಸ್ವಂತ ಆಸ್ಪತ್ರೆಗೆ ಹೋಗಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ ಅದು 100 ಹಾಸಿಗೆಯ ಆಸ್ಪತ್ರೆಯಾಗಿರಬೇಕು, ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕು. ಬೋರ್ಡಿನಲ್ಲಿ ಬರೆದ ಹಾಸಿಗೆ ಎಣಿಸಬೇಡಿ, ಮಲಗಿದ ರೋಗಿಗಳನ್ನು ಎಣಿಸಿ. ಒಂದೇ ಹೊತ್ತಿಗೆ 60 ಮಂದಿ ಪೋಸ್ಟಿಂಗಿಗೆ, ಅಂದರೆ ವಾರ್ಡಿನ ತರಬೇತಿಗೆ ಬರುವ ಕಾಲೇಜಾದರೆ 180 ರೋಗಿಗಳು ಬೇಕು. 25 ಮಂದಿ ಮಲಗಿದ್ದು, ಉಳಿದ ಹಾಸಿಗೆಗಳ ಮೇಲೆ ಹೊಸ ಬೆಡ್‌ಶೀಟ್ ಮಡಿಕೆ ಬಿಚ್ಚದೆ ಇದ್ದರೆ ಅರ್ಥ ಮಾಡಿಕೊಳ್ಳಿ.

ಸಾಧ್ಯವಾದರೆ ರಾತ್ರಿ 9ಕ್ಕೆ ಮತ್ತೊಮ್ಮೆ ಹೋಗಿ. ನರ್ಸಿಂಗ್ ಸ್ಟೇಷನ್ನಿನಲ್ಲಿ ಕುಳಿತವರು ಯಾರು? ವಿದ್ಯಾರ್ಥಿಗಳ ಯೂನಿಫಾರ್ಮ್ ಬೇರೆ ಇರುತ್ತದೆ, ಒಂದು ನೋಟಕ್ಕೇ ತಿಳಿಯುತ್ತದೆ. ನೋಂದಾಯಿತ ನರ್ಸ್ ಒಬ್ಬರೂ ಇಲ್ಲದೆ ವಿದ್ಯಾರ್ಥಿಗಳೇ ಇಂಜೆಕ್ಷನ್ ಹಾಕುತ್ತಿದ್ದರೆ ಆ ಕಾಲೇಜು ಬೇಡ. ಅಲ್ಲಿ ತಪ್ಪು ಕಲಿತರೆ ತಿದ್ದುವವರಿಲ್ಲ. ತಪ್ಪಾದ ದಿನ ಹೆಸರು ಕೆಡುವುದೂ ವಿದ್ಯಾರ್ಥಿಯದೇ.

ಎಷ್ಟೋ ಕಾಲೇಜುಗಳು ‘ನಮ್ಮ ಮಕ್ಕಳು ಜಿಲ್ಲಾ ಆಸ್ಪತ್ರೆಗೇ ಹೋಗುತ್ತಾರೆ’ ಎನ್ನುತ್ತವೆ. ಅದು ಒಳ್ಳೆಯದೇ. ಬಳ್ಳಾರಿಯಲ್ಲಿ 1961ರಲ್ಲಿ ಶುರುವಾದ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಅಂದರೆ ಜನ ಈಗಲೂ ವಿಮ್ಸ್ ಎನ್ನುವ ಆಸ್ಪತ್ರೆ ಇದೆ. ರಾಯಚೂರಿನಲ್ಲಿ ರಿಮ್ಸ್ 2007ರಿಂದ, ಕೊಪ್ಪಳದಲ್ಲಿ ಕಿಮ್ಸ್ 2015ರಿಂದ ಇವೆ. ರೋಗಿಗಳಿಗೆ ಅಲ್ಲಿ ಕೊರತೆಯಿಲ್ಲ, ಕೊರತೆ ಜಾಗಕ್ಕೆ. ಹಲವು ಕಾಲೇಜುಗಳ ಮಕ್ಕಳು ಒಂದೇ ವಾರ್ಡಿಗೆ ಬಂದರೆ ಒಂದು ಹೆರಿಗೆ ಟೇಬಲ್ಲಿನ ಸುತ್ತ ಇಪ್ಪತ್ತು ಮಂದಿ ನಿಲ್ಲಬೇಕಾಗುತ್ತದೆ. ಹಿಂದೆ ನಿಂತವರಿಗೆ ಕಾಣುವುದು ಮುಂದಿನವರ ಬೆನ್ನು. ಆಸ್ಪತ್ರೆ ಕೊಟ್ಟ ಒಪ್ಪಿಗೆ ಪತ್ರ ಈ ವರ್ಷದ್ದೇ ಇದೆಯೇ, ಲೇಬರ್ ರೂಮಿಗೆ ಒಂದು ಪಾಳಿಗೆ ಎಷ್ಟು ಮಂದಿಯನ್ನು ಬಿಡುತ್ತಾರೆ ಎಂದು ಕೇಳಿ. ಪ್ರಿನ್ಸಿಪಾಲರಿಗಿಂತ ಮೂರನೇ ವರ್ಷದ ವಿದ್ಯಾರ್ಥಿಯನ್ನು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ: ಮೂರು ಯಾಕೆ?

ಮೂರೂ ‘ನರ್ಸಿಂಗೇ’ ಅಂದುಕೊಂಡು ಕಡಿಮೆ ಫೀಸಿನದನ್ನು ಹಿಡಿಯುವವರು ಬಹಳ. ಈ ಮೂರು ಒಂದೇ ಏಣಿಯ ಮೆಟ್ಟಿಲಾಗಿ ಹುಟ್ಟಿದವಲ್ಲ. ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಕೊರತೆ ತುಂಬಲು ಹುಟ್ಟಿದವು.

1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದಲ್ಲಿದ್ದ ನರ್ಸುಗಳು ಸುಮಾರು 7,000, ಅಂದರೆ 43,000 ಜನಕ್ಕೆ ಒಬ್ಬರು. ಹಳ್ಳಿಯಲ್ಲಿ ಹೆರಿಗೆ ಸೂಲಗಿತ್ತಿಯ ಕೈಯಲ್ಲಿತ್ತು. ಆ ಕೈ ದಡ್ಡ ಕೈಯಲ್ಲ. ಬಳ್ಳಾರಿ ಜಿಲ್ಲೆಗೆ ದೂರವಲ್ಲದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಗೊತ್ತೇ ಇದೆ. ಆದರೆ ರಕ್ತಸ್ರಾವ, ನಂಜು, ಅಡ್ಡಗೂಸು ಬಂದಾಗ ಬರಿ ಕೈ ಸಾಲುತ್ತಿರಲಿಲ್ಲ. ಪೂರ್ತಿ ನರ್ಸ್ ತಯಾರಾಗುವವರೆಗೆ ಕಾಯಲು ಪುರುಸೊತ್ತೂ ಇರಲಿಲ್ಲ. ಹಾಗಾಗಿ 1950ರ ದಶಕದ ಆರಂಭದಲ್ಲಿ ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಮಿಡ್‌ವೈಫ್ ಕೋರ್ಸು ಬಂತು. 1973ರ ಕರ್ತಾರ್ ಸಿಂಗ್ ಸಮಿತಿ ಇವರನ್ನು ಬಹುಕಾರ್ಯ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿತು: ಹೆರಿಗೆಯ ಜೊತೆ ಲಸಿಕೆ, ಮಲೇರಿಯಾ, ಕುಟುಂಬ ಯೋಜನೆ ಎಲ್ಲ ಒಬ್ಬಳ ತಲೆಗೆ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ ಎಂಬ ಲೆಕ್ಕ. ನಮ್ಮ ಊರಿನ ‘ನರ್ಸಮ್ಮ’ ಎಂದರೆ ಇವರೇ. ಸರ್ಕಾರಿ ಕಾಗದದಲ್ಲಿ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ.

ಎಎನ್‌ಎಂ ಎರಡು ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ, ಪಿಯುಸಿ ಯಾವ ವಿಭಾಗವಾದರೂ ಆದೀತು. ಹಳ್ಳಿಯಲ್ಲಿದ್ದು ಕೆಲಸ ಮಾಡುವ ಮನಸ್ಸಿದ್ದರೆ ಸರಿಯಾದ ಕೋರ್ಸು. ದೊಡ್ಡ ಆಸ್ಪತ್ರೆಯ ಐಸಿಯು ಕನಸಿದ್ದರೆ ಇದು ದಾರಿಯಲ್ಲ. ಎಎನ್‌ಎಂ ಮುಗಿಸಿ ಮತ್ತೆ ಜಿಎನ್‌ಎಂ ಸೇರಿದವರು ಎರಡು ವರ್ಷ ಹೆಚ್ಚಿಗೆ ಕಳೆದಂತಾಯಿತು.

ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ (ಹೆರಿಗೆ ಮಾಡಿಸುವ ವಿದ್ಯೆ), ಹಳೆಯ ಆಸ್ಪತ್ರೆ ಶಾಲೆಯ ನೇರ ವಾರಸುದಾರ. ಮೊದಲು ಜನರಲ್ ನರ್ಸಿಂಗ್ ಮುಗಿಸಿ, ಆಮೇಲೆ ಮಿಡ್‌ವೈಫರಿಯನ್ನು ಬೇರೆಯಾಗಿ ಕಲಿಯುತ್ತಿದ್ದರು. ಹೆಸರಿನಲ್ಲಿ ‘ಮತ್ತು’ ಇರುವುದು, ನರ್ಸುಗಳ ಹೆಸರಿನ ಮುಂದೆ ಆರ್‌ಎನ್ (ನೋಂದಾಯಿತ ನರ್ಸ್), ಆರ್‌ಎಂ (ನೋಂದಾಯಿತ ಮಿಡ್‌ವೈಫ್) ಎಂದು ಎರಡು ಗುರುತು ಇರುವುದು ಅದಕ್ಕೇ. ಈಗ ಮೂರು ವರ್ಷ. ಪಿಯುಸಿ ಯಾವ ವಿಭಾಗವಾದರೂ ಸರಿ, ಇಂಗ್ಲಿಷ್ ಓದಿರಬೇಕು, ಒಟ್ಟು 40 ಪ್ರತಿಶತ ಅಂಕ ಬೇಕು. ಗಂಡುಮಕ್ಕಳೂ ಸೇರಬಹುದು. ಆರ್ಟ್ಸ್, ಕಾಮರ್ಸ್ ಓದಿದವರಿಗೆ ತೆರೆದಿರುವ ಬಾಗಿಲು ಇದು. ಆದರೆ ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ ಅವರಿಗೆ ಗೋಡೆಯಂತೆ ಎದುರಾಗುತ್ತದೆ. ಸೇರುವ ಮುನ್ನಿನ ಎರಡು ತಿಂಗಳಲ್ಲಿ ಹತ್ತನೇ ತರಗತಿ ಮತ್ತು ಪಿಯುಸಿಯ ಜೀವಶಾಸ್ತ್ರ ಪುಸ್ತಕದ ಮಾನವ ದೇಹದ ಪಾಠಗಳನ್ನು ಓದಿ ಹೋಗಿ.

ಬಿಎಸ್ಸಿ ನರ್ಸಿಂಗ್ ಭಾರತದಲ್ಲಿ ಹುಟ್ಟಿದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ನರ್ಸುಗಳಿಗೆ ಕಲಿಸಲು, ವಾರ್ಡ್ ನಡೆಸಲು ನರ್ಸುಗಳೇ ಬೇಕು ಎಂಬುದು ಆಗಿನ ಗುರಿ. ಈಗ ನಾಲ್ಕು ವರ್ಷ. 2021ರ ಹೊಸ ಪಠ್ಯಕ್ರಮದ ನಂತರ ಎಂಟು ಸೆಮಿಸ್ಟರ್, ಕೊನೆಯದರಲ್ಲಿ ಇಂಟರ್ನ್‌ಶಿಪ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. 45 ಪ್ರತಿಶತ ಅಂಕ, ಮೀಸಲಾತಿ ವರ್ಗದವರಿಗೆ 40.

ಯಾವುದು ಒಳ್ಳೆಯದು? ವಿಜ್ಞಾನ ಓದಿದ್ದು, ನಾಲ್ಕು ವರ್ಷ ನಿಭಾಯಿಸುವ ಶಕ್ತಿ ಮನೆಗಿದ್ದರೆ ಬಿಎಸ್ಸಿ. ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೆ ನರ್ಸಿಂಗ್ ಕಡೆಯಿಂದ ಬಿಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಬಿಎಸ್ಸಿ ಬೇಕು. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಬಿಎಸ್ಸಿಯವರು ನೇರ ಕೂಡಬಹುದು. ಜಿಎನ್‌ಎಂನವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಹಾಗೆಂದು ಜಿಎನ್‌ಎಂ ಮುಗಿಸಿದವರ ದಾರಿ ಮುಚ್ಚುವುದಿಲ್ಲ. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಅಲ್ಲಿಂದ ಎಂಎಸ್ಸಿಗೂ ಹೋಗಬಹುದು. ರೋಗಿಗಳೇ ಇಲ್ಲದ ಕಾಲೇಜಿನ ಬಿಎಸ್ಸಿಗಿಂತ ತುಂಬಿದ ಆಸ್ಪತ್ರೆಯ ಜಿಎನ್‌ಎಂ ಮೇಲು ಎಂಬುದು ನಮ್ಮ ಅಭಿಪ್ರಾಯ.

ಮಾನ್ಯತೆ: ಮೂರು ಕಾಗದ, ಮೂರು ಕಡೆ

‘ಸರ್ಕಾರದಿಂದ ಮಾನ್ಯತೆ ಪಡೆದ’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ಪರೀಕ್ಷೆ ನಡೆಸುವವರು ಯಾರು, ಕಾಲೇಜಿಗೆ ಅನುಮತಿ ಕೊಟ್ಟವರು ಯಾರು, ಓದು ಮುಗಿದ ಮೇಲೆ ಹೆಸರು ಬರೆದುಕೊಳ್ಳುವವರು ಯಾರು ಎಂಬ ಮೂರನ್ನು ಬೇರೆಬೇರೆಯಾಗಿ ಕೇಳಿ.

ಜಿಎನ್‌ಎಂಗೆ ಪರೀಕ್ಷೆ ನಡೆಸುವುದು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಬಿಎಸ್ಸಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ನೀವು ನೋಡಿದ ಕಾಲೇಜಿಗೆ ಅದರ ಸಂಯೋಜನೆ ಇದೆಯೇ, ಈ ವರ್ಷಕ್ಕೆ ಎಷ್ಟು ಸೀಟಿಗೆ ಇದೆ ಎಂದು ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ನೋಡಿ. ನೋಂದಣಿ ಮಾಡುವುದು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು. ಇದರ ಮೇಲೆ ದೇಶಮಟ್ಟದಲ್ಲಿ 1947ರ ಕಾಯ್ದೆಯಿಂದ ಬಂದ ಭಾರತೀಯ ನರ್ಸಿಂಗ್ ಪರಿಷತ್ತು. ಅದರ ಜಾಗಕ್ಕೆ ಆಯೋಗ ತರುವ ಕಾಯ್ದೆ 2023ರಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ. ಕರ್ನಾಟಕದ ಕಾಲೇಜುಗಳಿಗೆ ದೆಹಲಿಯ ಪರಿಷತ್ತಿನ ಮಾನ್ಯತೆಯೂ ಬೇಕೇ ಎಂಬ ವಾದ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದುಂಟು. ಹೊರರಾಜ್ಯ, ಹೊರದೇಶಕ್ಕೆ ಹೋಗುವ ಯೋಚನೆಯಿದ್ದವರು ಆ ಪಟ್ಟಿಯಲ್ಲೂ ಕಾಲೇಜಿನ ಹೆಸರು ಹುಡುಕುವುದು ಜಾಣತನ.

ಇಷ್ಟೊಂದು ಕಚೇರಿ ಯಾಕೆ ಎನ್ನುವವರು ನಮ್ಮ ಮೂರು ಜಿಲ್ಲೆಗಳ ಚರಿತ್ರೆಯನ್ನೇ ನೋಡಬಹುದು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮದ್ರಾಸಿನಲ್ಲಿ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ 1926ರಷ್ಟು ಹಿಂದೆಯೇ ಬಂದಿತ್ತು. ರಾಯಚೂರು, ಅದರೊಳಗಿದ್ದ ಕೊಪ್ಪಳ, ನಿಜಾಮರ ಹೈದರಾಬಾದಿನವು, ಬಂದದ್ದು 1956ರಲ್ಲಿ. ತುಂಗಭದ್ರೆಯ ಈ ದಂಡೆಗೆ ಒಂದು ಕಾನೂನು, ಆ ದಂಡೆಗೆ ಇನ್ನೊಂದು. ಇವನ್ನೆಲ್ಲ ಒಂದೇ ರಾಜ್ಯದ ರಿಜಿಸ್ಟರಿಗೆ ತಂದದ್ದು 1961ರ ನರ್ಸ್‌ಗಳು, ಮಿಡ್‌ವೈಫ್‌ಗಳು ಮತ್ತು ಹೆಲ್ತ್ ವಿಸಿಟರ್‌ಗಳ ಕಾಯ್ದೆ. ಡಿಪ್ಲೊಮಾ ಕೈಯಲ್ಲಿದ್ದರೂ ಈ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಕಾನೂನಿನ ಕಣ್ಣಿಗೆ ನರ್ಸ್ ಅಲ್ಲ.

ಈಗ ಮೋಸದ ಮಾತು. ‘ಒಂದು ವರ್ಷದ ನರ್ಸಿಂಗ್’, ‘ಆರು ತಿಂಗಳ ಹೋಮ್ ನರ್ಸಿಂಗ್’, ‘ಪೇಷೆಂಟ್ ಕೇರ್ ಡಿಪ್ಲೊಮಾ’ ಎಂಬ ಬೋರ್ಡು ಸಣ್ಣ ಊರುಗಳಲ್ಲೂ ಕಾಣುತ್ತವೆ. ಸಹಾಯಕರ ಕೆಲಸಕ್ಕೆ ಇವು ಉಪಯೋಗಕ್ಕೆ ಬರಬಹುದು, ನರ್ಸ್ ನೋಂದಣಿಗೆ ಬರುವುದಿಲ್ಲ. ಇನ್ನೂ ಕೆಟ್ಟದ್ದು ‘ಕ್ಲಾಸಿಗೆ ಬರಬೇಡಿ, ಪರೀಕ್ಷೆಗೆ ಬಂದರೆ ಸಾಕು’ ಎಂದು ಹೊರರಾಜ್ಯದ ಜಿಎನ್‌ಎಂ ಮಾರುವ ಏಜೆಂಟರು. ಜಿಎನ್‌ಎಂ, ಬಿಎಸ್ಸಿ ಮನೆಯಲ್ಲಿ ಕುಳಿತು ಓದುವ ಕೋರ್ಸುಗಳೇ ಅಲ್ಲ. ನೋಂದಣಿಗೆ ಹೋದ ದಿನ ಹಾಜರಿ, ಕ್ಲಿನಿಕಲ್ ಗಂಟೆಗಳ ದಾಖಲೆ ಕೇಳುತ್ತಾರೆ. ಅಷ್ಟರಲ್ಲಿ ಏಜೆಂಟನ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಕಾಗದಪತ್ರ, ಮುಖ್ಯವಾಗಿ 371ಜೆ

ಬಿಎಸ್ಸಿ ಸರ್ಕಾರಿ ಕೋಟಾದ ಸೀಟು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ, ಸಿಇಟಿ ಬರೆದು. ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲಿ ಅರ್ಜಿ ಹಾಕುವುದನ್ನು ಮರೆತವರು ಆಮೇಲೆ ಮ್ಯಾನೇಜ್‌ಮೆಂಟ್ ಸೀಟಿನ ಬಾಗಿಲಲ್ಲಿ ನಿಲ್ಲುತ್ತಾರೆ. ‘ನಾನು ಎಂಜಿನಿಯರಿಂಗ್ ಅಲ್ಲವಲ್ಲ, ನನಗ್ಯಾಕೆ ಸಿಇಟಿ’ ಎನ್ನಬೇಡಿ.

ಸಂವಿಧಾನದ 371ಜೆ ಕಲಮಿನ ಕೆಳಗೆ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ 70 ಪ್ರತಿಶತ ಸೀಟು ಇಲ್ಲಿಯವರಿಗೆ, ರಾಜ್ಯದ ಉಳಿದ ಕಡೆ 8 ಪ್ರತಿಶತ. ನಮ್ಮ ಮೂರೂ ಜಿಲ್ಲೆ ಇದರಲ್ಲಿವೆ. ಅರ್ಹತಾ ಪ್ರಮಾಣಪತ್ರ ಕೊಡುವುದು ಎಸಿ, ಅಂದರೆ ಉಪವಿಭಾಗಾಧಿಕಾರಿ ಕಚೇರಿ. ರಾಯಚೂರು ಜಿಲ್ಲೆಯಲ್ಲಿ ಅಂಥ ಕಚೇರಿ ರಾಯಚೂರು, ಲಿಂಗಸುಗೂರು ಎರಡು ಕಡೆ ಇದೆ. ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರಿದೆ ಎಂದು ಕೇಳಿಕೊಂಡು ಹೊರಡಿ. ಈ ಭಾಗದಲ್ಲಿ ಹುಟ್ಟಿದ್ದಕ್ಕೆ ಅಥವಾ 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ಇಲ್ಲಿದ್ದುದಕ್ಕೆ, ಇಲ್ಲವೇ ಹಾಗಿದ್ದವರ ಮಕ್ಕಳಾಗಿದ್ದಕ್ಕೆ ದಾಖಲೆ ಬೇಕು. ಫಲಿತಾಂಶ ಬಂದ ಮೇಲೆ ಓಡಿದರೆ ಸರತಿ ಉದ್ದ. ದ್ವಿತೀಯ ಪಿಯುಸಿಯ ಡಿಸೆಂಬರಿನಲ್ಲೇ ಅರ್ಜಿ ಕೊಡಿ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರವನ್ನೂ ಅದೇ ಹೊತ್ತಿಗೆ ಮಾಡಿಸಿ, ಅದರ ಮೇಲಿನ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೂ ಅದೇ ನಂಬರ್.

ಅರ್ಜಿ ತಿರಸ್ಕೃತವಾಗಲು ಸಾಮಾನ್ಯ ಕಾರಣ ಹೆಸರು. ಎಸ್ಎಸ್ಎಲ್‌ಸಿಯಲ್ಲಿ ‘ಹುಲಿಗೆಮ್ಮ’, ಆಧಾರಿನಲ್ಲಿ ‘ಹುಲಿಗೆವ್ವ’ ಎಂದಿದ್ದರೆ ಕಂಪ್ಯೂಟರಿಗೆ ಇಬ್ಬರು. ಎಸ್ಎಸ್ಎಲ್‌ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಆಧಾರ್, ಬ್ಯಾಂಕ್ ಖಾತೆ ಎರಡನ್ನೂ ಅದಕ್ಕೆ ಸರಿಹೊಂದಿಸಿ. ಸೀಟು ಹಂಚಿಕೆಯಲ್ಲಿ ಚಾಯ್ಸ್ ಒಂದು ಅಂದರೆ ಒಪ್ಪಿಗೆ, ಎರಡು ಅಂದರೆ ಇದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ, ಮೂರು ಅಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ, ನಾಲ್ಕು ಅಂದರೆ ಪೂರ್ತಿ ಹೊರಗೆ. ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ. ಮೂಲ ಅಂಕಪಟ್ಟಿ ತೋರಿಸಿ ವಾಪಸ್ ತನ್ನಿ. ಇಟ್ಟುಕೊಳ್ಳಲೇಬೇಕೆಂದರೆ ಯಾವ ಕಾಗದ ಎಷ್ಟು ಎಂದು ಬರೆದ, ಸೀಲು ಹಾಕಿದ ರಸೀದಿ ಪಡೆಯಿರಿ.

ಸೇರಿದ ಮೇಲೆ

ಥಿಯರಿಗೆ 80 ಪ್ರತಿಶತ ಹಾಜರಿ ಬೇಕು. ಪ್ರಾಕ್ಟಿಕಲ್‌ನಲ್ಲಿ ಡಿಗ್ರಿ ಕೈಗೆ ಬರುವ ಮುನ್ನ 100 ಪ್ರತಿಶತ ತುಂಬಿರಬೇಕು. ಜಾತ್ರೆಗೆ, ಮದುವೆಗೆ ತಪ್ಪಿಸಿದ ವಾರ್ಡ್ ದಿನಗಳನ್ನು ಕೊನೆಯ ವರ್ಷ ಭರ್ತಿ ಮಾಡಬೇಕಾಗುತ್ತದೆ. ಗೆಳತಿಯರು ಕೆಲಸಕ್ಕೆ ಸೇರಿದ ತಿಂಗಳು ನೀವಿನ್ನೂ ಪೋಸ್ಟಿಂಗಿನಲ್ಲಿರುತ್ತೀರಿ.

ಹೆರಿಗೆಯ ಕೇಸ್ ಬುಕ್ ಅತಿ ಹೆಚ್ಚು ಸುಳ್ಳು ತುಂಬುವ ಪುಸ್ತಕ. ಹಳೆಯ ಬಿಎಸ್ಸಿ ಪಠ್ಯಕ್ರಮ 20 ಸಹಜ ಹೆರಿಗೆ ಮಾಡಿಸಿರಬೇಕು ಎನ್ನುತ್ತಿತ್ತು. ಸೀನಿಯರ್ ಪುಸ್ತಕ ನೋಡಿ ನಕಲು ಮಾಡಿದವರು ಮೊದಲ ರಾತ್ರಿ ಪಾಳಿಯಲ್ಲಿ ಹೆರಿಗೆಯ ನಂತರ ರಕ್ತ ನಿಲ್ಲದಿದ್ದಾಗ ಕೈ ಕಟ್ಟಿ ನಿಲ್ಲುತ್ತಾರೆ. ನಿಮ್ಮ ಕೈಯಿಂದ ಆದದ್ದನ್ನು ಮಾತ್ರ ಬರೆಯಿರಿ, ಅದೇ ದಿನ ಬರೆಯಿರಿ, ಅದೇ ಪಾಳಿಯ ನರ್ಸ್ ಸಹಿ ಪಡೆಯಿರಿ.

ನಮ್ಮ ಸೀಮೆಯ ಆಸ್ಪತ್ರೆಗಳು ಕೆಲವು ವಿಷಯಗಳಿಗೆ ಒಳ್ಳೆಯ ಪಾಠಶಾಲೆ. ಹತ್ತಿ, ಭತ್ತದ ಹೊಲಗಳ ಕೀಟನಾಶಕ ಸೇವನೆ ಕೇಸು ಬಂದಾಗ ಅಟ್ರೋಪಿನ್ ಎಂಬ ಮದ್ದು ಕೊಡುತ್ತ ಕಣ್ಣಿನ ಪಾಪೆ, ಬಾಯಿಯ ಜೊಲ್ಲು, ಎದೆಯ ಗುರಗುರ, ನಾಡಿ ನೋಡುವುದನ್ನು ಪಕ್ಕದಲ್ಲಿ ನಿಂತು ಕಲಿಯಿರಿ. ಹಾವು ಕಡಿತ, ಮೇ ತಿಂಗಳ ಬಿಸಿಲಿನ ಹೊಡೆತ, ರಕ್ತಹೀನತೆಯ ಬಸುರಿಯರು ಕೂಡ ಹಾಗೆಯೇ. ‘ಎದಿ ಡವಡವ ಅಂತೈತ್ರಿ’, ‘ಕಣ್ಣಿಗೆ ಕತ್ತಲಿ ಬರ್ತೈತಿ’ ಎಂಬುದನ್ನು ಇಂಗ್ಲಿಷ್ ಚಾರ್ಟಿನಲ್ಲಿ ಸರಿಯಾದ ಪದಕ್ಕೆ ಇಳಿಸುವುದೂ ಒಂದು ಕೌಶಲ. ಕನ್ನಡ ಮಾಧ್ಯಮದವರು ಇದಕ್ಕೊಂದು ಜೇಬು ಪುಸ್ತಕ ಇಡಿ: ಎಡಕ್ಕೆ ರೋಗಿಯ ಮಾತು, ಬಲಕ್ಕೆ ಚಾರ್ಟಿನ ಪದ. ಬಳ್ಳಾರಿ, ರಾಯಚೂರಿನ ವಾರ್ಡಿನಲ್ಲಿ ತೆಲುಗು, ಉರ್ದುವಿನ ಹತ್ತು ಪ್ರಶ್ನೆಗಳೂ ಬರಬೇಕು.

ಮೊದಲ ವರ್ಷದ ನರ್ಸಿಂಗ್ ಫೌಂಡೇಷನ್‌ನಲ್ಲಿ ಚರಿತ್ರೆಯ ಪ್ರಶ್ನೆ ಬರುತ್ತದೆ. ಇಲ್ಲಿ ಅಂಕ ಹೋಗುವುದು ಎರಡು ಕಡೆ. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ 1908ರ ಸದಸ್ಯರ ಸಂಘ, ನರ್ಸಿಂಗ್ ಕೌನ್ಸಿಲ್ 1947ರ ಕಾನೂನುಬದ್ಧ ಪರಿಷತ್ತು. ಇವನ್ನು ಅದಲುಬದಲು ಬರೆಯುತ್ತಾರೆ. ಇನ್ನೊಂದು, ಕ್ರಿಮಿಯಾ ಯುದ್ಧದ ಸೈನಿಕರಿದ್ದ ಸ್ಕುಟಾರಿ ಆಸ್ಪತ್ರೆಯ ಸಾವನ್ನು ನೈಟಿಂಗೇಲ್ ದೀಪ ಹಿಡಿದು ಇಳಿಸಿದರು ಎಂಬ ಸರಳ ಕಥೆ. ಅವರು 38 ನರ್ಸುಗಳೊಂದಿಗೆ 1854ರ ನವೆಂಬರಿನಲ್ಲಿ ಅಲ್ಲಿಗೆ ಹೋದ ಮೇಲೂ ಆ ಚಳಿಗಾಲ ಸಾವು ಏರುತ್ತಲೇ ಇತ್ತು. ಗಣನೀಯವಾಗಿ ಇಳಿದದ್ದು 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗ ಬಂದು ಚರಂಡಿ, ಗಾಳಿ, ನೀರು ಸರಿಮಾಡಿದ ನಂತರ. ಆಮೇಲೆ ಅಂಕಿಅಂಶ ಕೂಡಿಸಿ ಚಿತ್ರ ಬರೆದು ಅದನ್ನು ಸರ್ಕಾರಕ್ಕೆ ಮನಗಾಣಿಸಿದವರು ನೈಟಿಂಗೇಲರೇ, ಅವರ ದೊಡ್ಡತನ ಅಲ್ಲಿದೆ. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ದಂಡಿನ ನೆಲೆಗಳಿಗೆ ಪ್ರಶ್ನಾವಳಿ ಕಳಿಸಿ, 1863ರ ವರದಿಗೆ ನೀರು-ಚರಂಡಿಯ ವಿವರ ಕಲೆಹಾಕಿದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ದೊಡ್ಡ ದಂಡಿನ ಊರು. ಉತ್ತರಪತ್ರಿಕೆಯಲ್ಲಿ ಚರಂಡಿಯ ಸಾಲು ಬರೆದರೆ ಓದಿದವರು ಎಂದು ತಿಳಿಯುತ್ತದೆ.

ನೋಂದಣಿ

ಫಲಿತಾಂಶ ಬಂದ ತಿಂಗಳಲ್ಲೇ ರಾಜ್ಯ ಪರಿಷತ್ತಿಗೆ ಅರ್ಜಿ ಹಾಕಿ. ಎಲ್ಲ ವರ್ಷದ ಅಂಕಪಟ್ಟಿ, ಡಿಪ್ಲೊಮಾ ಅಥವಾ ಪ್ರೊವಿಷನಲ್ ಪ್ರಮಾಣಪತ್ರ, ಎಸ್ಎಸ್ಎಲ್‌ಸಿ, ಪಿಯುಸಿ, ಆಧಾರ್, ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಬೇಕಾಗುತ್ತವೆ. ಟ್ರಾನ್ಸ್‌ಕ್ರಿಪ್ಟ್ ಎಂದರೆ ಯಾವ ವಿಷಯಕ್ಕೆ ಎಷ್ಟು ಗಂಟೆ ಎಂಬ ಪಟ್ಟಿ. ಕಾಲೇಜು ಬಿಡುವ ದಿನವೇ ಮೂರು ಪ್ರತಿ ಸೀಲು ಹಾಕಿಸಿ ಇಟ್ಟುಕೊಳ್ಳಿ. ಹತ್ತು ವರ್ಷದ ನಂತರ ದುಬೈಗೋ ಜರ್ಮನಿಗೋ ಅರ್ಜಿ ಹಾಕುವಾಗ ಕಾಲೇಜೇ ಮುಚ್ಚಿರಬಹುದು.

ರಾಯಚೂರಿನವರಿಗೆ ಹೈದರಾಬಾದ್, ಬಳ್ಳಾರಿಯವರಿಗೆ ಕರ್ನೂಲು, ಅನಂತಪುರ ಹತ್ತಿರ. ಅಲ್ಲಿ ಕೆಲಸ ಸಿಕ್ಕರೆ ಕರ್ನಾಟಕದ ನೋಂದಣಿಯೊಂದೇ ಸಾಲದು. ಇಲ್ಲಿನ ಪರಿಷತ್ತಿನಿಂದ ನಿರಾಕ್ಷೇಪಣಾ ಪತ್ರ ಪಡೆದು ಆ ರಾಜ್ಯದ ಪರಿಷತ್ತಿನಲ್ಲಿ ಹೆಸರು ಬರೆಸಬೇಕು. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 150 ಗಂಟೆಯ ಮುಂದುವರಿದ ಶಿಕ್ಷಣದ ಲೆಕ್ಕ ಕೇಳುತ್ತಾರೆ. ಕಾರ್ಯಾಗಾರಕ್ಕೆ ಹೋದಾಗಲೆಲ್ಲ ಪ್ರಮಾಣಪತ್ರದಲ್ಲಿ ಗಂಟೆ ಬರೆದಿದ್ದಾರೆಯೇ ನೋಡಿಕೊಂಡೇ ಹಾಲ್ ಬಿಡಿ. ಮದುವೆಯಾಗಿ ಹೆಸರು ಬದಲಾದವರು ಆಧಾರ್ ತಿದ್ದಿಸಿ ಸುಮ್ಮನಾಗುತ್ತಾರೆ. ಪರಿಷತ್ತಿನ ರಿಜಿಸ್ಟರಿನಲ್ಲೂ ತಿದ್ದಿಸಬೇಕು, ಇಲ್ಲವೇ ಎರಡೂ ಕಡೆ ಎಸ್ಎಸ್ಎಲ್‌ಸಿ ಹೆಸರನ್ನೇ ಉಳಿಸಿಕೊಳ್ಳಬೇಕು.